ನಲವತ್ತೈದನೆಯ ಪುಟ

ಚರ್ಚಿನ ಹಳೇ ಸಾಮಾನು ಮಾರಾಟದಲ್ಲಿ
ಐವತ್ತು ಪೆನ್ಸಿಗೆ ಸಿಕ್ಕಿತ್ತು ನಮ್ಮ ಭಾವ ಪೆಟ್ರಾಕನಿಗೆ
ಕಾರ್ನ್‌ವಾಲಿನ ಕಡಲಂಚಿನ ಕಾಲುದಾರಿಯ ಕೈಪಿಡಿ.
ಬೆನ್ನು ಕಿತ್ತುಹೋದ ಪುಸ್ತಕ.
(ಆ ಸರದಿ ಮಧ್ಯಾಹ್ನದ ಹೊತ್ತಿಗೆ ನಮಗೂ ಬಂತು.)

"ಹನ್ನೊಂದೇ ಮೈಲಿ. ನಾಲ್ಕು ತಾಸು ಸಾಕು,"
ಅಂದ ಪೆಟ್ರಾಕ್, ಮೂವತ್ತು ವರ್ಷ
ಈ ಸೀಮೆಗೆಲ್ಲ ಅಂಚೆ ಹಂಚಿದವನು
– ವ್ಯಾನಿನಲ್ಲಿ.

ಪುಟದಂಚಿಗೆ ಯಾರೋ ಸೀಸದಕಡ್ಡಿಯಲ್ಲಿ ಗೀಚಿದ್ದರು.
ನಲವತ್ತೊಂದು: "ಹುಲ್ಲಿನ ಮೇಲೆ ಹಿತವಾದ ನಡಿಗೆ."
ಪಕ್ಕದಲ್ಲಿ ದುಂಡಗೆ: ನಿಜ.
ನಲವತ್ತೆರಡು: "ಇಲ್ಲಿಂದ ಒಂದು ಸಣ್ಣ ಏರು."
ಸಣ್ಣ ಏರಂತೆ! ಹೆಜ್ಜೆಹೆಜ್ಜೆಗೂ ನನ್ನ ಮೊಣಕಾಲು
ಗದ್ದಕ್ಕೆ ನಮಸ್ಕಾರ ಹೇಳುತ್ತಿತ್ತು.
ಪಕ್ಕದಲ್ಲಿ: ಸುಮಾರಾಗಿ ಸುಳ್ಳು.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ,
ಇಲ್ಲಿಯ ಬೆಟ್ಟಕ್ಕೆ ಆ ಕಪಟ ಗೊತ್ತಿಲ್ಲ,
ದೂರದಿಂದಲೇ ಹಲ್ಲು ಕಿರಿದು ನಿಂತಿರುತ್ತದೆ.
ಕಪಟವೆಲ್ಲ ದಾರಿಯದು.
ಹತ್ತಿಸುತ್ತದೆ, ತುದಿಯಲ್ಲಿ ಕಡಲು ತೋರಿಸುತ್ತದೆ,
ಆಹಾ ಅನ್ನುವಷ್ಟರಲ್ಲಿ ಕೆಳಗೆ ಎಳೆಯುತ್ತದೆ.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು
ಕೊಲ್ಲಿಕೊಲ್ಲಿಗೂ ಇಳಿದು, ಅಲೆಯ ಯೋಗಕ್ಷೇಮ ಕೇಳಿ,
ಹೂಂ, ಇನ್ನು ಹತ್ತು ಅನ್ನುತ್ತದೆ.
ಹತ್ತಿದ್ದರಲ್ಲಿ ಇಳಿದದ್ದು ಕಳೆದರೆ
ಬೆಳಗಿನಿಂದ ನಾವು ಏರಿದ್ದು ಸೊನ್ನೆ.

"ಬಿಳಿ ಮನೆಯ ಬಳಿ ಎಡಕ್ಕೆ ತಿರುಗಿ."
ಬಿಳಿ ಮನೆ ಇರಲಿಲ್ಲ. ಎಡವೂ ಇರಲಿಲ್ಲ.
ಎಡ ಇರಬೇಕಾದಲ್ಲಿ ಬರೀ ಗಾಳಿ,
ಗಾಳಿಯ ಇನ್ನೂರಡಿ ಕೆಳಗೆ ಒಂದು ಸೀಲ್,
ತಲೆಯೆತ್ತಿ ನೋಡಿತು, ನಮ್ಮಂಥವರನ್ನು ಎಷ್ಟೋ ಕಂಡ ಹಾಗೆ.
ಅಂಚಿನಲ್ಲಿ: ಮನೆ ಚೆಂದ. ಬಾಗಿಲು ತೆರೆಯಲಿಲ್ಲ.

ಪೆಟ್ರಾಕ್ ಬಂಡೆಯ ಮರೆಯಲ್ಲಿ ಪೇಸ್ಟಿ ಬಿಚ್ಚಿದ.
ಅರ್ಧ ಕಡಲಕ್ಕಿಗೆ, ಅರ್ಧ ಗಾಳಿಗೆ.
ಕೈಯಲ್ಲಿ ಉಳಿದದ್ದು ಕಾಗದ,
ಎದುರಿಗೇ ಫಲಕ: ಕಸ ಎಸೆಯಬೇಡಿ.

ಆಗ ಎದುರಿನಿಂದ ಬಂದಳು ಒಬ್ಬ ಅಜ್ಜಿ,
ರಬ್ಬರ್ ಬೂಟು, ಹಿಂದೆ ಒಕ್ಕಣ್ಣಿನ ನಾಯಿ.
"ಎಲ್ಲಿಗೆ?" ಅಂದೆ ಏದುಸಿರಲ್ಲಿ.
"ಹಾಲಿಗೆ."
ಬಾಟಲಿ ಹಿಡಿದು ಅವಳು ತಿರುಗಿ ಬಂದಾಗ
ನಾವು ಒಂದು ಬೇಲಿಯಷ್ಟು ಮುಂದುವರಿದಿದ್ದೆವು.
ಬೇಲಿಯ ಆಚೆ ಪೆಟ್ರಾಕನ ಬಲಗಾಲು, ಈಚೆ ಎಡಗಾಲು,
ನಡುವೆ ಪೆಟ್ರಾಕ್, ಇನ್ನೂ ತೀರ್ಮಾನವಾಗದೆ.
ಇಬ್ಬರೂ ಸೇರಿ ಇಳಿಸಿದೆವು. ನಾಯಿ ಮೇಲ್ವಿಚಾರಣೆ.

ನಲವತ್ತನಾಲ್ಕು: ಮಹಾ ಸುಳ್ಳು. ಅಕ್ಷರ ನಡುಗುತ್ತಿತ್ತು.
ನಲವತ್ತೈದರಲ್ಲಿ ಮಾತಿಲ್ಲ, ಒಂದು ಗೆರೆ ಮಾತ್ರ,
ಜಾರಿ ಜಾರಿ ಪುಟದಿಂದಾಚೆ ಬಿದ್ದುಹೋದದ್ದು.
ಆಮೇಲೆ ಪುಸ್ತಕವೆಲ್ಲ ಸ್ವಚ್ಛ.
"ಸತ್ತಿರಬೇಕು ಪಾಪ," ಪೆಟ್ರಾಕ್ ಟೋಪಿ ತೆಗೆದ.

ಅಜ್ಜಿ ಬಗ್ಗಿ ಕನ್ನಡಕ ಸರಿಮಾಡಿಕೊಂಡಳು.
"ನನ್ನ ಕೈಬರಹ ಅದು. ಲವ್‌ಡೇ ಬೊಲಿಥೊ.
ಅರವತ್ತು ವರ್ಷದ ಹಿಂದೆ, ಎರಡು ದಿನದ ರಜಾಕ್ಕೆ ಬಂದಿದ್ದೆ.
ಇಲ್ಲಿ ತಲುಪೋ ಹೊತ್ತಿಗೆ ಮುಂದೆ ಹೋಗೋಕೆ ಕಾಲಿಲ್ಲ,
ಹಿಂದೆ ಹೋಗೋಕೆ ಮನಸ್ಸಿಲ್ಲ.
ಅಗೋ, ಆ ಚಿಮಣಿ ಕಾಣುತ್ತಲ್ಲ, ಅಲ್ಲಿ
ಏಡಿ ಹಿಡಿಯೋ ಹುಡುಗ ಒಬ್ಬ ಟೀ ಕೊಟ್ಟ.
ನಡೆಯೋದಕ್ಕಿಂತ ಮದುವೆಯಾಗೋದು ಸುಲಭ ಅನ್ನಿಸಿತು."
ಸ್ವಲ್ಪ ತಡೆದು,
"ಅದನ್ನೂ ಸಣ್ಣ ಏರು ಅಂತಲೇ ಹೇಳಿದ್ದರು."

"ಮುಂದಿನ ದಾರಿ ಹೇಗಿದೆ ಅಜ್ಜಿ?"
"ಯಾರಿಗೆ ಗೊತ್ತು? ಹಾಲು ಸಿಗೋದು ಈ ಕಡೆ."

ಕೆಟಲ್ ಕೂಗುತ್ತಿತ್ತು. ಕಿಟಕಿಯಾಚೆ ನಲವತ್ತಾರನೆಯ ಪುಟ
ಹಳದಿ ಹೂವಿನ ಮುಳ್ಳುಕಂಟಿಯ ನಡುವೆ ನೆಟ್ಟಗೆ ನಿಂತಿತ್ತು,
ಗೋಡೆಯ ಹಾಗೆ.
ಪೆಟ್ರಾಕ್ ಒಂದೊಂದಾಗಿ ಬೂಟು ಬಿಚ್ಚಿದ,
ಬೆರಳು ಎಣಿಸಿಕೊಂಡ,
ಮೆಲ್ಲಗೆ ಕೇಳಿದ:
"ಈ ಊರಿಗೆ ಈಗ ಅಂಚೆ ಯಾರು ಹಂಚುತ್ತಾರೆ?"